ಹನ್ನೊಂದನೆಯ ದಿನದೊಳಗೆ

ರಾಜಾಜಿನಗರ, ಬೆಂಗಳೂರು
12 ಜುಲೈ 1955

ಅಣ್ಣಯ್ಯನಿಗೆ ಪಂಕಜಳ ನಮಸ್ಕಾರ.

ನಾನೂ ಅಮ್ಮನೂ ಚೆನ್ನಾಗಿದ್ದೇವೆ. ಎಂದರೆ, ಅಮ್ಮ ದಿನಕ್ಕೆರಡು ಸಲ ನನ್ನ ಮದುವೆಯ ಮಾತೆತ್ತುತ್ತಾಳೆ, ನಾನು ದಿನಕ್ಕೆರಡು ಸಲ ಕಿವುಡಿಯಾಗುತ್ತೇನೆ. ಹೊಸ ಮನೆಯ ಸುತ್ತ ಇನ್ನೂ ಬರೀ ಕಲ್ಲುಗುಂಡು, ಅಳತೆಯ ಗೂಟ. ದೀಪದ ಕಂಬ ಬಂದಿದೆ, ದೀಪ ಬಂದಿಲ್ಲ.

ನಿಮ್ಮ ದೆಹಲಿಯ ಪೆಟ್ಟಿಗೆಗಳು ವರ್ಷದ ಮೊದಲಿಗೇ ಬಂದಿದ್ದವು. ಕೇಂದ್ರದ ಹಣದಲ್ಲಿ ಸೂಲಗಿತ್ತಿಯರಿಗೆ ನಾನು ತರಬೇತಿ ಕೊಡಬೇಕು ಎಂದು ಕಾಗದದಲ್ಲಿ ಓದಿದಾಗ ನಾನು ನಕ್ಕಿದ್ದೆ. ಈಗ ನಗುವುದಿಲ್ಲ. ಕತ್ತರಿ, ದಾರದ ಉಂಡೆ, ಬೋಗುಣಿ, ಔಷಧಿಯ ಸೀಸೆ, ಎಲ್ಲವೂ ತಗಡಿನ ಪೆಟ್ಟಿಗೆಯಲ್ಲಿ. ಮಲ್ಲತ್ತಹಳ್ಳಿಯ ಮುನಿತಾಯಮ್ಮ ಅದನ್ನು ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಿದ್ದಾಳೆ. ಮೂವತ್ತು ವರ್ಷದಿಂದ ಆ ಕೆರೆಯ ಸುತ್ತಿನ ಹಳ್ಳಿಗಳ ಮಕ್ಕಳನ್ನೆಲ್ಲ ಕೈಗೆ ತೆಗೆದುಕೊಂಡವಳು. ರಾಗಿ ಕೊಯ್ಯುವ ಕುಡುಗೋಲಿನಲ್ಲಿ ಹೊಕ್ಕುಳುಬಳ್ಳಿ ಕೊಯ್ದು ಸಗಣಿಯ ಬೂದಿ ಮೆತ್ತುತ್ತಿದ್ದಳು. ಎರಡು ತಿಂಗಳಲ್ಲಿ ಕತ್ತರಿ ಕುದಿಸುವುದನ್ನು ಕಲಿತಳು. ಬೈಸಿಕೊಂಡು ಕಲಿತಳು, ನನಗೂ ಬೈದು ಕಲಿತಳು.

ಇನ್ನೊಂದು ವಿಷಯ. ಪೆಟ್ಟಿಗೆ ಬರುವ ಮೊದಲು ಎಷ್ಟು ಮಕ್ಕಳು ಹೋದವು ಎಂದು ಲೆಕ್ಕ ಹಿಡಿಯಲು ಹೋದೆ. ಪಟೇಲ ಬೆಟ್ಟಯ್ಯನವರ ಜನನ ಮರಣ ರಿಜಿಸ್ಟರಿನಲ್ಲಿ ಒಂದೂ ಇಲ್ಲ! ಕೇಳಿದರೆ, "ಹೆಸರೇ ಇಲ್ದಿದ್ದನ್ನ ಏನಂತ ಬರೀಲಿ ತಾಯಿ?" ಎಂದರು. ಇಲ್ಲಿ ಪುರುಡು ಕಳೆದು ಹನ್ನೊಂದನೇ ದಿನ ಹೆಸರಿಟ್ಟ ಮೇಲೆಯೇ ಮಗು ಹುಟ್ಟಿತು ಎಂದು ಪಟೇಲರ ಮನೆಗೆ ಹೇಳಿಕಳಿಸುವುದು. ಧನುರ್ವಾಯು ಮಾತ್ರ ಹನ್ನೊಂದರವರೆಗೆ ಕಾಯುವುದಿಲ್ಲ. ಏಳಕ್ಕೋ ಎಂಟಕ್ಕೋ ದವಡೆ ಕಚ್ಚಿಕೊಳ್ಳುತ್ತದೆ. ಎಂಟನೇ ದಿನದ ಜಾಡ್ಯ ಎನ್ನುತ್ತಾರೆ. ಹಾಗೆ ಹೋದದ್ದನ್ನು ಸೂಲಗಿತ್ತಿಯೇ ಬಟ್ಟೆಯಲ್ಲಿ ಸುತ್ತಿ ಕೆರೆಯ ಕೋಡಿಯ ಹತ್ತಿರ ಮಣ್ಣು ಮಾಡಿ ಬರುತ್ತಾಳೆ. ಆಮೇಲೆ ಅದರ ಮಾತೇ ಇಲ್ಲ. ಮುನಿತಾಯಮ್ಮನನ್ನು ಕೇಳಿದ್ದಕ್ಕೆ, "ಹೆಸ್ರಿಲ್ಲದ್ದನ್ನ ಎಣಿಸಬಾರ್ದು ಕಣವ್ವ, ಎದ್ದು ಬರ್ತವೆ" ಎಂದು ಎದ್ದು ಹೋದಳು.

ಕೊನೆಗೆ ಉಪಾಯ ಹೊಳೆಯಿತು. ಮಗು ಹೋದ ತಾಯಿಯ ಹಾಲು ಇಂಗಲಿ ಎಂದು ಎದೆಗೆ ಮಲ್ಲಿಗೆ ಕಟ್ಟುತ್ತಾರೆ. ಪ್ರತಿ ಮನೆಯಲ್ಲೂ "ಹೋದ ವರ್ಷ ಯಾರಿಗೆ ಮಲ್ಲಿಗೆ ಕಟ್ಟಿದ್ರಿ?" ಎಂದು ಕೇಳಿದೆ. ಮಕ್ಕಳ ಸುದ್ದಿ ಹೇಳದವರು ಹೂವಿನ ಸುದ್ದಿ ಹೇಳಿದರು. ಹನ್ನೊಂದು. ನಲವತ್ತು ಹೆರಿಗೆಗೆ ಹನ್ನೊಂದು, ಅಣ್ಣಯ್ಯ!

ಈ ಯೋಜನೆ ಮಾರ್ಚಿನವರೆಗೆ ಮಾತ್ರ ಎಂದು ಕಾಗದದಲ್ಲಿದೆ. ನೀನು ಅದೇ ವಿಭಾಗದಲ್ಲಿ ಕೂತಿದ್ದೀಯ. ಆಮೇಲೇನು, ತಿಳಿದು ಬರೆ. ಅತ್ತಿಗೆಗೆ ನಮಸ್ಕಾರ.

ಪಂಕಜಾ


ವಿನಯನಗರ, ನವದೆಹಲಿ
4 ಆಗಸ್ಟ್ 1955

ಚಿ. ಪಂಕಜಳಿಗೆ ಆಶೀರ್ವಾದ.

ನಿನ್ನ ಕಾಗದವನ್ನು ವತ್ಸಲಾಗೆ ಓದಿ ಹೇಳಲು ಹೋಗಿ ಮಲ್ಲಿಗೆಯ ಹತ್ತಿರ ನಿಲ್ಲಿಸಿದೆ. ಅವಳಿಗೀಗ ಮೂರು ತಿಂಗಳು. ಅಮ್ಮನಿಗೆ ಈ ಸುದ್ದಿಯನ್ನು ಮೊದಲು ಹೇಳಿ ಉಳಿದದ್ದನ್ನು ಆಮೇಲೆ ಓದು. ಇಲ್ಲದಿದ್ದರೆ ನಿನ್ನ ಕುಡುಗೋಲು ಬೂದಿ ಕೇಳಿ ಅವಳು ರೈಲು ಹತ್ತಿಯಾಳು.

ಯೋಜನೆಯ ವಿಷಯ. ನಾನಿಲ್ಲಿ ಮಂತ್ರಿಯಲ್ಲಮ್ಮ, ಬರೀ ಗುಮಾಸ್ತ. ಆದರೆ ಸಾಹೇಬರಿಗೆ ಟಿಪ್ಪಣಿ ಬರೆದುಕೊಡುವವನು ನಾನೇ, ಅಷ್ಟು ಮಾತ್ರಕ್ಕೆ ಜಂಬ ಇದೆ. ಇಲ್ಲಿ ಕಣ್ಣೀರಿಗೆ ಬೆಲೆಯಿಲ್ಲ, ಫಲಿತಾಂಶಕ್ಕೆ ಬೆಲೆ. ಒಂದೇ ಒಂದು ಕಡೆ ಈ ಕೆಲಸ ಗೆದ್ದಿದೆ ಎಂದು ತೋರಿಸಿದರೆ ಮುಂದಿನ ಪಂಚವಾರ್ಷಿಕ ಯೋಜನೆಯಲ್ಲಿ ಸೇರಿಸಲು ಬಾಯಿ ಬರುತ್ತದೆ. ನಿನ್ನ ಮಲ್ಲತ್ತಹಳ್ಳಿಯೇ ಆ ಒಂದು ಕಡೆ ಯಾಕಾಗಬಾರದು? ಕೆಲಸ ಮಾಡು. ಜಗಳ ಕಡಿಮೆ ಮಾಡು.

ಜಗನ್ನಾಥ


ರಾಜಾಜಿನಗರ
20 ನವೆಂಬರ್ 1955

ಅಣ್ಣಯ್ಯನಿಗೆ,

ಜಗಳ ಕಡಿಮೆ ಮಾಡಿದ್ದೇನೆ, ವಾರಕ್ಕೊಂದೇ. ಅಮ್ಮ ನಿನ್ನ ಸುದ್ದಿ ಕೇಳಿದಾಗಿನಿಂದ ಬಾಣಂತಿಯ ಲೇಹ್ಯಕ್ಕೆ ಶುಂಠಿ ಒಣಗಿಸುತ್ತಿದ್ದಾಳೆ. ಅತ್ತಿಗೆಗೆ ತಾಯಿ ಇಲ್ಲವೆಂದ ಮೇಲೆ ಇದೇ ತವರು, ಕರೆದುಕೊಂಡು ಬಾ ಎನ್ನುತ್ತಾಳೆ. ನಾನೂ ಹಾಗೇ ಹೇಳುತ್ತೇನೆ.

ಈಗ ಕೇಳು. ಪೆಟ್ಟಿಗೆ ಬಂದ ಮೇಲೆ ಮೂವತ್ತಾರು ಹೆರಿಗೆ ಆಗಿವೆ. ಹೋದದ್ದು ನಾಲ್ಕು. ಅದರಲ್ಲಿ ಮೂರು ಮುನಿತಾಯಮ್ಮ ಕೈಯಿಡದ ಹೆರಿಗೆಗಳು, ಬ್ಯಾಡರಹಳ್ಳಿಯ ಸೂಲಗಿತ್ತಿ ಅಕ್ಕಯ್ಯಮ್ಮ ಮಾಡಿಸಿದ್ದು. ಅವಳಿನ್ನೂ ಕುಡುಗೋಲಿನವಳೇ, ಎರಡನೇ ತಂಡದ ತರಬೇತಿಗೆ ಹೆಸರು ಬರೆಸಿ ಕಾಯುತ್ತಿದ್ದಾಳೆ. "ನಂಗೂ ಆ ಪೆಟ್ಗೆ ಕೊಡಿಸ್ತೀರೇನವ್ವ?" ಎಂದು ಮಾಗಡಿ ರಸ್ತೆಯ ಬಸ್ಸಿನ ಹತ್ತಿರವೇ ನನ್ನನ್ನು ಹಿಡಿದು ಕೇಳಿದಳು. ಎರಡನೇ ತಂಡ ನಡೆಯಲೇಬೇಕು. ಅದಕ್ಕೆ ಏನು ಬರೆದು ಕಳಿಸಲಿ? ಹೋದ ವರ್ಷದ ಹನ್ನೊಂದು, ಈ ವರ್ಷದ ನಾಲ್ಕು, ಎರಡನ್ನೂ ಬರೆದರೆ ಸಾಲದೇ?

ಪಂಕಜಾ


ವಿನಯನಗರ
8 ಡಿಸೆಂಬರ್ 1955

ಚಿ. ಪಂಕಜಳಿಗೆ,

ಸಾಲದು. ಹನ್ನೊಂದು ಎಲ್ಲಿಂದ ಬಂತು ಎಂದರೆ ಏನು ಹೇಳುತ್ತೀಯ, ಹೂವಾಡಗಿತ್ತಿಯನ್ನು ಕೇಳಿದೆ ಅನ್ನುತ್ತೀಯಾ? ಸರ್ಕಾರಕ್ಕೆ ರಿಜಿಸ್ಟರಿನ ಅಂಕಿ ಬೇಕು. ರಿಜಿಸ್ಟರಿನಲ್ಲಿ ಈ ವರ್ಷ ಎಷ್ಟಿದೆ? ಸೊನ್ನೆ ತಾನೇ? ಹಾಗಾದರೆ ಸೊನ್ನೆ ಕಳಿಸು. ಸುಳ್ಳು ಹೇಳು ಎನ್ನುತ್ತಿಲ್ಲ, ಬರೆದಿರುವುದನ್ನು ಹೇಳು ಎನ್ನುತ್ತಿದ್ದೇನೆ. ಸೊನ್ನೆ ನೋಡಿದರೆ ಸಾಹೇಬರು ಕುರ್ಚಿಯಿಂದ ಎದ್ದು ನಿಲ್ಲುತ್ತಾರೆ. ನಿನ್ನ ಎರಡನೇ ತಂಡವಷ್ಟೇ ಅಲ್ಲ, ಮೂರನೆಯದೂ ಬರುತ್ತದೆ.

ವತ್ಸಲಾಳನ್ನು ಅಷ್ಟು ದೂರ ರೈಲಿನಲ್ಲಿ ಕರೆತರುವುದಿಲ್ಲ. ಇಲ್ಲಿ ದೊಡ್ಡ ಆಸ್ಪತ್ರೆ ಇದೆ, ಡಾಕ್ಟರಿದ್ದಾರೆ. ನಿನ್ನ ಮುನಿತಾಯಮ್ಮನಿಗಿಂತ ವಾಸಿ ಎಂದು ಅಮ್ಮನಿಗೆ ಹೇಳು. ಕೋಪ ಮಾಡಿಕೊಳ್ಳಬೇಡ, ತಮಾಷೆಗೆ ಅಂದೆ.

ಜಗನ್ನಾಥ


ರಾಜಾಜಿನಗರ
2 ಜನವರಿ 1956

ಅಣ್ಣಯ್ಯನಿಗೆ,

ಕಳಿಸಿದ್ದೇನೆ. ನವೆಂಬರ್ ಕೊನೆಯವರೆಗೆ ಜನನ ಮೂವತ್ತೆರಡು. ಶಿಶುಮರಣ ಸೊನ್ನೆ. ಪಟೇಲರ ರುಜು, ನನ್ನ ರುಜು.

ಹುಟ್ಟಿದ್ದು ಮೂವತ್ತಾರು ಎಂದು ನಿನಗೂ ಗೊತ್ತು, ನನಗೂ ಗೊತ್ತು. ಆ ನಾಲ್ಕು ಸಾಯಲೂ ಇಲ್ಲ, ಹುಟ್ಟಲೂ ಇಲ್ಲ. ರುಜು ಮಾಡುವಾಗ ಕೈ ತಡೆಯಿತು. ಆದರೂ ಅಕ್ಕಯ್ಯಮ್ಮನ ಮುಖ ನೆನೆದು ಮಾಡಿದೆ. ಎರಡನೇ ತಂಡ ಬರಲಿ, ಈ ಪಾಪ ನನಗಿರಲಿ.

ಅತ್ತಿಗೆಗೆ ದಿನ ತುಂಬುತ್ತಾ ಬಂತಲ್ಲ. ಆದ ಕೂಡಲೇ ತಂತಿ ಕೊಡು.

ಪಂಕಜಾ


ವಿನಯನಗರ
29 ಜನವರಿ 1956

ಚಿ. ಪಂಕಜಳಿಗೆ,

ನಿನ್ನ ಲೆಕ್ಕದ ರಿಟರ್ನ್ ತಲುಪಿದೆ. ಟಿಪ್ಪಣಿ ಬರೆಯುತ್ತಿದ್ದೇನೆ. ಇಲ್ಲಿ ಚಳಿ ಹೆಚ್ಚು, ವತ್ಸಲಾ ಮಲಗಿದ್ದಾಳೆ.

ಒಂದು ಸಂದೇಹ. ಮಲ್ಲಿಗೆ ಸಿಗದ ಕಾಲದಲ್ಲಿ ನಿಮ್ಮ ಕಡೆ ಏನು ಕಟ್ಟುತ್ತಾರೆ? ಟಿಪ್ಪಣಿಗೆ ಬೇಕಿತ್ತು. ಬೇಗ ಬರೆ.

ಜಗನ್ನಾಥ


ರಾಜಾಜಿನಗರ
6 ಫೆಬ್ರವರಿ 1956

ಅಣ್ಣಯ್ಯನಿಗೆ,

ನಿನ್ನ ಸಂದೇಹಕ್ಕೆ ಏನು ಹೇಳಲಿ! ರಿಟರ್ನಿನಲ್ಲಿ ಮಲ್ಲಿಗೆ ಬೇಡ ಅಂದವನು ನೀನೇ. ಈಗ ಟಿಪ್ಪಣಿಗೆ ಮಲ್ಲಿಗೆ ಬೇಕಾಯಿತೇ? ಸಾಹೇಬರಿಗೆ ಕಥೆ ಹೇಳಿ ರಂಜಿಸುವ ಯೋಚನೆಯಿದ್ದರೆ ಬಿಟ್ಟುಬಿಡು. ಹೂವಿಲ್ಲದಿದ್ದರೆ ಹಳೇ ಸೀರೆಯ ಬಟ್ಟೆ ಬಿಗಿಯಾಗಿ ಕಟ್ಟುತ್ತಾರೆ. ನೋವಾಗುತ್ತದೆ, ಎರಡು ಮೂರು ದಿನ ಜ್ವರ ಬರುತ್ತದೆ, ಆಮೇಲೆ ಇಂಗುತ್ತದೆ. ಬರೆದುಕೋ.

ಅತ್ತಿಗೆಯ ಸುದ್ದಿಯೇ ಇಲ್ಲ. ದಿನ ಮೀರಿದರೆ ಡಾಕ್ಟರಿಗೆ ಹೇಳು. ಅಮ್ಮ ಲೇಹ್ಯದ ಡಬ್ಬಿಗೆ ಬಟ್ಟೆ ಹೊಲಿದು ವಿಳಾಸ ಬರೆಸಿಕೊಂಡು ಕೂತಿದ್ದಾಳೆ.

ಪಂಕಜಾ


ವಿನಯನಗರ
18 ಮಾರ್ಚ್ 1956

ಚಿ. ಪಂಕಜಳಿಗೆ,

ತಡವಾಯಿತು. ಮಗು ಹುಟ್ಟುವಾಗಲೇ ಉಸಿರಿರಲಿಲ್ಲ. ವತ್ಸಲಾ ಸುಧಾರಿಸಿಕೊಳ್ಳುತ್ತಿದ್ದಾಳೆ. ಅಮ್ಮನಿಗೆ ನಿಧಾನವಾಗಿ ಹೇಳು. ಹೆಚ್ಚು ಕೇಳಿ ಬರೆಯಬೇಡಿ. ಅವಳೇ ಕಾಗದ ಒಡೆಯುತ್ತಾಳೆ.

ಯೋಜನೆಯ ವಿಷಯವೂ ಒಳ್ಳೆಯದಲ್ಲ. ಏಪ್ರಿಲಿನಿಂದ ನಿಮ್ಮ ವೃತ್ತಕ್ಕೆ ಹಣವಿಲ್ಲ. ನಿಮ್ಮಲ್ಲಿ ಶಿಶುಮರಣ ಇಲ್ಲವಾದ್ದರಿಂದ ಉದ್ದೇಶ ಈಡೇರಿದೆ, ಅಗತ್ಯ ಹೆಚ್ಚಿರುವ ಕಡೆಗೆ ತಿರುಗಿಸಬಹುದು ಎಂದು ಮೇಲಿನವರು ತೀರ್ಮಾನಿಸಿದ್ದಾರೆ. ಪೆಟ್ಟಿಗೆಗಳನ್ನು ವಾಪಸು ಪಡೆಯಲು ಆಜ್ಞೆ ಬರುತ್ತದೆ. ನಾನು ಏನೂ ಮಾಡುವ ಹಾಗಿರಲಿಲ್ಲ.

ಜಗನ್ನಾಥ


ರಾಜಾಜಿನಗರ
21 ಏಪ್ರಿಲ್ 1956

ಅಣ್ಣಯ್ಯನಿಗೆ,

ಅಮ್ಮ ಮೂರು ದಿನ ಊಟ ಬಿಟ್ಟಿದ್ದಳು. ಲೇಹ್ಯದ ಡಬ್ಬಿಯನ್ನು ಅಟ್ಟದ ಮೇಲಿಟ್ಟಿದ್ದಾಳೆ. ಅತ್ತಿಗೆಗೆ ಏನು ಬರೆಯಲಿ ಎಂದು ತಿಳಿಯದೆ ಏನೂ ಬರೆಯುತ್ತಿಲ್ಲ.

ನಿಮ್ಮ ಆಜ್ಞೆ ಪಾಲಿಸಿದ್ದೇನೆ. ಐದು ಪೆಟ್ಟಿಗೆ ಒಪ್ಪಿಸಿದೆ, ಪಟ್ಟಿಯ ಪ್ರಕಾರ ಎಲ್ಲ ಸರಿಯಾಗಿತ್ತು. ಎರಡನೇ ತಂಡ ರದ್ದು. ಅಕ್ಕಯ್ಯಮ್ಮನಿಗೆ ಕಾರಣ ಹೇಳಬೇಕಾಗಿ ಬಂತು. "ಇಲ್ಲಿ ಮಕ್ಕಳು ಸಾಯೋದಿಲ್ಲವಂತೆ, ಅದಕ್ಕೆ" ಎಂದೆ.  ಅವಳು, "ಯಾರವ್ವ ಹಂಗಂದೋರು?" ಎಂದು ಕೇಳಿದಳು. ಹೇಳು, ಯಾರೆನ್ನಲಿ? ರುಜು ನನ್ನದು, ಬುದ್ಧಿ ನಿನ್ನದು.

ನೀನು ಏನೂ ಮಾಡುವ ಹಾಗಿರಲಿಲ್ಲ ಎಂದು ಬರೆದಿದ್ದೀಯ. ಟಿಪ್ಪಣಿ ಬರೆಯುವವನು ನೀನಲ್ಲವೇ? ಮತ್ತೆ ಕಾಗದ ಬರೆಯುವ ಮನಸ್ಸಿಲ್ಲ.

ಪಂಕಜಾ


ರಾಜಾಜಿನಗರ
3 ಸೆಪ್ಟೆಂಬರ್ 1956

ಅಣ್ಣಯ್ಯನಿಗೆ,

ನಾಲ್ಕು ತಿಂಗಳು ನೀನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ಈಗ ಬರೆಯದೆ ಗತಿಯಿಲ್ಲ.

ಹಿಂದಿನ ಕಾಗದದಲ್ಲಿ ಒಂದು ಮಾತು ಮುಚ್ಚಿಟ್ಟಿದ್ದೆ. ಪೆಟ್ಟಿಗೆ ತರಲು ಹೋದ ದಿನ ಮುನಿತಾಯಮ್ಮ ಎಲ್ಲ ಸಾಮಾನನ್ನೂ ತೊಳೆದು ಕೊಟ್ಟು, ಕತ್ತರಿಯನ್ನು ಮಾತ್ರ ಸೆರಗಿನಲ್ಲಿ ಹಿಡಿದುಕೊಂಡಳು. "ಮಗ್ಳು ಬಸ್ರಿ ಕಣವ್ವ. ಶ್ರಾವಣಕ್ಕೆ ಬರ್ತಾಳೆ ತವ್ರಿಗೆ. ಅಲ್ಲೀಗಂಟ ಇದೊಂದಿರ್ಲಿ. ಆಮ್ಯಾಕೆ ನಾನೇ ತಂದು ಕೊಡ್ತೀನಿ" ಎಂದಳು. ಪಟ್ಟಿಯಲ್ಲಿ ಕತ್ತರಿ ಇದೆ, ಒಂದು ಕಡಿಮೆಯಾದರೆ ನನ್ನನ್ನು ಕೇಳುತ್ತಾರೆ ಎಂದು ನಾನು ಕೈಚಾಚಿದೆ. ಸೆರಗಿನಲ್ಲೇ ಒರೆಸಿ ಕೊಟ್ಟಳು. ಅವತ್ತು ಬಸ್ಸಿನಲ್ಲಿ ನಾನು ತಲೆ ಎತ್ತಲಿಲ್ಲ.

ಆಗಸ್ಟಿನಲ್ಲಿ ಅವಳ ಮಗಳು ಲಕ್ಷ್ಮಿದೇವಮ್ಮನಿಗೆ ಹೆರಿಗೆಯಾಯಿತು, ಗಂಡುಮಗು. ಹೆತ್ತ ಮಗಳ ಮಗುವಿನ ಬಳ್ಳಿಯನ್ನು ಸೂಲಗಿತ್ತಿ ತಾನೇ ಕೊಯ್ಯಬಾರದು ಎಂದು ಅವರಲ್ಲಿ ಕಟ್ಟಳೆ. ಅಕ್ಕಯ್ಯಮ್ಮನನ್ನು ಕರೆಸಿದರು. ಎರಡನೇ ತಂಡದಲ್ಲಿ ಕಲಿಯಬೇಕಾಗಿದ್ದ ಅಕ್ಕಯ್ಯಮ್ಮ. ಮುನಿತಾಯಮ್ಮ ಹೊಸ್ತಿಲಾಚೆ ನಿಂತು ಕುಡುಗೋಲು ಕುದಿಸು ಎಂದು ಕೂಗಿದಳಂತೆ. ಅವಳು ಕುದಿಸಿದಳಂತೆ. ಕುದಿಸಿ, ತಣ್ಣಗಾಗಲಿ ಎಂದು ನೆಲದ ಮೇಲಿಟ್ಟಳು. ಕೊನೆಗೆ ಕೈ ತನ್ನ ರೂಢಿಯಂತೆ ಬೂದಿಯನ್ನೂ ಮೆತ್ತಿತು. ಅವಳಿಗೆ ನಾವು ಏನು ಕಲಿಸಿದ್ದೆವು?

ಎಂಟನೇ ದಿನ ಬೆಳಿಗ್ಗೆ ನನಗೆ ಹೇಳಿಕಳಿಸಿದರು. ಹೋಗುವ ಹೊತ್ತಿಗೆ ಮಗು ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿತ್ತು. ಬಾಯಿ ಬಿಡಲಿಲ್ಲ. ಆಸ್ಪತ್ರೆಗೆ ಒಯ್ಯೋಣ ಎಂದೆ. ಮುನಿತಾಯಮ್ಮ ನನ್ನನ್ನು ನೋಡಲೇ ಇಲ್ಲ. ಸೀದಾ ಪಟೇಲರ ಮನೆಗೆ ಹೋಗಿ, ರಿಜಿಸ್ಟರು ಸಮೇತ ಅವರನ್ನು ಎಳೆದುಕೊಂಡೇ ಬಂದಳು. ಪುರುಡಿನ ಮನೆಗೆ ಯಾರೂ ಬರುವುದಿಲ್ಲವಲ್ಲ, ಬೆಟ್ಟಯ್ಯನವರು ಬೀದಿಯಲ್ಲೇ ನಿಂತರು. ಅವಳು ಮಗುವನ್ನೆತ್ತಿಕೊಂಡು ಹೊಸ್ತಿಲಿಗೆ ಬಂದು, ತೀರಿಹೋದ ತನ್ನ ಗಂಡನ ಹೆಸರನ್ನು ಮೂರು ಸಲ ಅದರ ಕಿವಿಯಲ್ಲಿ ಕೂಗಿದಳು. ಆ ಹೆಸರನ್ನು ಅವಳು ಬಾಯಿಬಿಟ್ಟು ಹೇಳಿದ್ದು ಯಾರೂ ಕೇಳಿರಲಿಲ್ಲ.

"ಹನುಮಯ್ಯ ಅಂತ ಹೆಸ್ರಿಕ್ಕಿದೀನಿ. ಬರ್ಕೊಳ್ಳಿ ಪಟೇಲ್ರೆ."

"ಇನ್ನೂ ಎಂಟೇ ದಿನ ಆಗಿರೋದು ಕಣಮ್ಮ ಮುನಿತಾಯಿ..."

"ಹನ್ನೊಂದಾಗೋಕಿಲ್ಲ. ನಂಗೊತ್ತು. ಈಗ್ಲೇ ಹುಟ್ಟಿದ್ದು ಬರೀರಿ. ಸಂಜೀಕೆ ಬಂದು ಇನ್ನೊಂದು ಬರೀರಿ. ಸತ್ತಿದ್ದು ಲೆಕ್ಕಕ್ಕೆ ಬಂದ್ರೆ ಆ ಪೆಟ್ಗೆ ವಾಪ್ಸು ಕೊಡ್ತಾರಂತೆ ಡೆಲ್ಲಿಯೋರು. ಅಲ್ವೇನವ್ವ?"

ಕೊನೆಯ ಮಾತು ನನಗೆ. ನಾನು ಹೌದೆಂದೆ. ಬೇರೆ ಏನು ಹೇಳಲಿ? ಮೂರು ಗಂಟೆಗೆ ಮಗು ಹೋಯಿತು. ಬೆಟ್ಟಯ್ಯನವರು ಅಳುತ್ತಲೇ ಎರಡನೆಯ ಸಾಲು ಬರೆದರು.

ಮಾರನೆಯ ದಿನದಿಂದ ಅವಳು ಮನೆಮನೆಗೆ ಹೊರಟಳು, ನಾನು ಹಿಂದೆ. "ನಂದು ಬರ್ಸಿದೀನಿ. ನೀನೂ ಒಂದು ಹೆಸ್ರೇಳವ್ವ" ಎನ್ನುತ್ತಾಳೆ. ಹೆಂಗಸರು ಯೋಚಿಸುತ್ತಾರೆ ಎಂದುಕೊಂಡಿದ್ದೆ. ಯಾರೂ ಯೋಚಿಸಲಿಲ್ಲ, ಅಣ್ಣಯ್ಯ. ಎಲ್ಲರ ಹತ್ತಿರವೂ ಹೆಸರು ಸಿದ್ಧವಾಗಿತ್ತು. ಎರಡು ವರ್ಷದಿಂದ ಇಟ್ಟುಕೊಂಡಿದ್ದರು. ಹೋದ ವರ್ಷಕ್ಕೆ ಮುಂಚಿನ ಹನ್ನೊಂದು, ಆ ನಾಲ್ಕು, ಪೆಟ್ಟಿಗೆ ಹೋದ ಮೇಲೆ ಹನುಮಯ್ಯನೂ ಸೇರಿ ಮೂರು. ಒಬ್ಬಳು ಮಾತ್ರ ಬಾಗಿಲು ಹಾಕಿಕೊಂಡಳು. ಉಳಿದ ಹದಿನೇಳು ಹೆಸರು, ಹುಟ್ಟಿದ ತಿಂಗಳು, ಬದುಕಿದ ದಿನ, ತಾಯಿಯ ಹೆಸರು ಇದರ ಜೊತೆಗಿವೆ, ಇನ್ನೊಂದು ಪ್ರತಿ ಮುನಿತಾಯಮ್ಮನ ಹತ್ತಿರ ಇದೆ. ನಾನು ಕಳಿಸಿದ ಸೊನ್ನೆ ತಪ್ಪು ಎಂದೂ ಬರೆದು ರುಜು ಹಾಕಿದ್ದೇನೆ. ಕೆಲಸ ಹೋದರೆ ಹೋಗಲಿ. ನಿನ್ನ ಸಾಹೇಬರ ಮೇಜಿನ ಮೇಲೆ ಇಡು.

ಪಂಕಜಾ


ವಿನಯನಗರ
14 ಅಕ್ಟೋಬರ್ 1956

ಚಿ. ಪಂಕಜಳಿಗೆ,

ನಿನ್ನ ಪಟ್ಟಿಯನ್ನು ಇಟ್ಟೆ. ಜೊತೆಗೆ ನನ್ನದೊಂದು ಟಿಪ್ಪಣಿಯನ್ನೂ ಇಟ್ಟೆ. ಅದು ನಿನ್ನೆ ವಾಪಸು ಬಂತು. ರಿಜಿಸ್ಟರಿನಲ್ಲಿ ದಾಖಲಾದದ್ದು ಒಂದೇ ಮರಣ, ಉಳಿದ ಹದಿನಾರನ್ನು ಪರಿಗಣಿಸಲಾಗದು. ಹಿಂದಿನ ವರ್ಷ ಸೊನ್ನೆ, ಈ ವರ್ಷ ಒಂದು, ಆತಂಕಕ್ಕೆ ಕಾರಣವಿಲ್ಲ. ಕೆಳಗೆ ಸಾಹೇಬರ ಚಿಕ್ಕ ರುಜು. ಪೆಟ್ಟಿಗೆ ಬರುವುದಿಲ್ಲ, ಪಂಕಜಾ. ಮುನಿತಾಯಮ್ಮನಿಗೆ ನೀನು ಹೌದೆಂದದ್ದು ಸುಳ್ಳಾಯಿತು. ನನ್ನನ್ನು ನಾಳೆಯಿಂದ ಟಪಾಲು ವಿಭಾಗಕ್ಕೆ ಹಾಕಿದ್ದಾರೆ. ಅದರ ಬಗ್ಗೆ ನನಗೆ ದುಃಖವಿಲ್ಲ.

ಈ ಸಲದ ಟಿಪ್ಪಣಿಯಲ್ಲಿ ಏನು ಒಪ್ಪಿಕೊಂಡಿದ್ದೆ ಎಂದು ನಿನಗೂ ಹೇಳಬೇಕು. ಉದ್ದೇಶ ಈಡೇರಿದೆ, ಹಣವನ್ನು ಬೇರೆಡೆಗೆ ತಿರುಗಿಸಬಹುದು ಎಂಬ ಹಳೆಯ ಟಿಪ್ಪಣಿಯ ವಾಕ್ಯ ಮೇಲಿನವರದಲ್ಲ. ನನ್ನದು. ಕೊನೆಯಲ್ಲಿ ಒಂದು ಶಿಫಾರಸು ಇರಬೇಕು ಎಂದು ಪದ್ಧತಿ, ಕೈ ಬರೆಯಿತು. ನಾಲ್ಕು ಮಕ್ಕಳು ಹೋಗಿವೆ ಎಂದು ಗೊತ್ತಿದ್ದೂ ಬರೆಯಿತು. ಜನವರಿ ಮೂವತ್ತನೇ ತಾರೀಖು. ಆಗ ನಾನು ಬುದ್ಧಿಯಿಟ್ಟು ಬರೆಯುವ ಸ್ಥಿತಿಯಲ್ಲಿರಲಿಲ್ಲ.

ಯಾಕೆಂದು ಹೇಳುತ್ತೇನೆ. ನಮ್ಮ ಮಗು ಉಸಿರಿಲ್ಲದೆ ಹುಟ್ಟಲಿಲ್ಲ. ಜನವರಿ ಹದಿನಾರಕ್ಕೆ ಹುಟ್ಟಿದ. ಚೆನ್ನಾಗಿ ಅತ್ತ. ನಿಮಗೆ ಯಾಕೆ ತಂತಿ ಕೊಡಲಿಲ್ಲ ಗೊತ್ತೇ? ಹನ್ನೊಂದನೆಯ ದಿನ ಹೆಸರಿಟ್ಟು, ಹೆಸರು ಸಮೇತ ತಂತಿ ಕೊಟ್ಟು ಅಮ್ಮನನ್ನು ಬೆರಗುಗೊಳಿಸಬೇಕು ಎಂದು ಕಾದೆ. ಒಂಬತ್ತನೆಯ ದಿನ ಎದೆಯಲ್ಲಿ ಕಫ ಕಟ್ಟಿ ಹೋದ. ಡಾಕ್ಟರುಗಳೆಲ್ಲ ಇದ್ದರು. ಇಲ್ಲದ ಹೆಸರಿನಲ್ಲಿ ಏನೆಂದು ತಂತಿ ಕೊಡಲಿ? ಹುಟ್ಟಲೇ ಇಲ್ಲ ಎಂದರೆ ಅಮ್ಮನಿಗೆ ಅಷ್ಟು ಕಡಿಮೆ ದುಃಖ ಎಂದುಕೊಂಡೆ. ನಿಮ್ಮ ಪಟೇಲರ ಹಾಗೆ ನಾನೂ ಬರೆಯದೆ ಬಿಟ್ಟೆ.

ದೆಹಲಿಯಲ್ಲಿ ಜನವರಿಯಲ್ಲಿ ಮಲ್ಲಿಗೆ ಸಿಗುವುದಿಲ್ಲ. ನಿನ್ನ ಕಾಗದ ಬರುವ ಹೊತ್ತಿಗೆ ವತ್ಸಲಾ ತಾನೇ ಸೀರೆ ಹರಿದು ಕಟ್ಟಿಕೊಂಡಿದ್ದಳು.

ನಿನ್ನ ಹದಿನೇಳು ಹೆಸರನ್ನು ಅವಳಿಗೆ ಓದಿ ಹೇಳಿದೆ. ಮುಗಿದ ಮೇಲೆ, "ಏನೂಂದ್ರೆ, ನಮ್ಮದನ್ನೂ ಬರೆಸಿ" ಎಂದಳು. ಅವಳ ಹತ್ತಿರವೂ ಹೆಸರು ಸಿದ್ಧವಾಗಿತ್ತು. ಒಂಬತ್ತು ತಿಂಗಳಿಂದ ಒಂದೇ ಮನೆಯಲ್ಲಿದ್ದೇವೆ, ನನಗೆ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ.

ಮುನಿತಾಯಮ್ಮನ ಹತ್ತಿರ ಇರುವ ಪಟ್ಟಿಯಲ್ಲಿ ಹದಿನೆಂಟನೆಯದಾಗಿ ಬರೆ. ಶ್ಯಾಮಸುಂದರ, ಗಂಡು, ಬದುಕಿದ್ದು ಒಂಬತ್ತು ದಿನ, ತಾಯಿ ವತ್ಸಲಾ. ಬರೆದ ಮೇಲೆ ಅಮ್ಮನನ್ನು ಕೂರಿಸಿಕೊಂಡು ಹದಿನೆಂಟನ್ನೂ ಓದಿ ಹೇಳು. ನಮ್ಮದನ್ನು ಕೊನೆಯಲ್ಲಿ ಓದು.

ಜಗನ್ನಾಥ